ವಾಲ್ವಿನ ಕಾರ್ಡು

ಬಣ್ಣದ ಶೆಡ್ಡಿನ ಆಫೀಸಿನಲ್ಲಿ ಮೂರು ಕುರ್ಚಿಗಳಿದ್ದವು. ಕಿಟಕಿ ಪಕ್ಕದ್ದು ಅತ್ತಿಗೆಯದು, ಬಾಗಿಲ ಪಕ್ಕದ್ದು ಮೈದುನನದು, ನಡುವಿನದು ಮುದುಕಿಯದು. ಮುದುಕಿ ಒಬ್ಬಳಿಗೆ ಅತ್ತೆ, ಇನ್ನೊಬ್ಬನಿಗೆ ಹೆತ್ತ ತಾಯಿ. ನಾಲ್ಕು ವರ್ಷದಿಂದ ಅತ್ತಿಗೆ ಮೈದುನ ಮುಖ ಕೊಟ್ಟು ಒಂದು ಮಾತೂ ಆಡಿರಲಿಲ್ಲ. ಆಡಲೇಬೇಕಾದ್ದನ್ನೆಲ್ಲ ಮುದುಕಿಯ ಕಿವಿಗೆ ಹಾಕುತ್ತಿದ್ದರು. ಆ ಕಿವಿಯೋ, ಅರ್ಧ ಕೇಳುತ್ತಿತ್ತು, ಇನ್ನರ್ಧ ತನಗೆ ಬೇಕಾದಾಗ ಮಾತ್ರ ಕೇಳುತ್ತಿತ್ತು.

"ಅಮ್ಮಾ, ಶುಕ್ರವಾರಕ್ಕೆ ನೀರಿನ ಒಪ್ಪಂದ ಮುಗಿಯುತ್ತೆ ಅಂತ ಅವರಿಗೆ ಹೇಳು" ಎಂದ ಮೈದುನ, ಎರಡು ಮಾರು ದೂರದಲ್ಲಿ ಕೂತ ಅತ್ತಿಗೆಯ ಕಡೆ ಕಣ್ಣೂ ಹಾಯಿಸದೆ.

"ಅತ್ತೆ, ನಂಗೂ ಓದೋಕೆ ಬರುತ್ತೆ ಅಂತ ನಿಮ್ಮ ಮಗನಿಗೆ ಹೇಳಿ. ನವೀಕರಣದ ಅರ್ಜಿ ಹೋದ ತಿಂಗಳೇ ಹಾಕಿದೀನಿ. ಇವತ್ತು ಹನ್ನೊಂದಕ್ಕೆ ನೀರಿನ ಕಂಪನಿ ಸಾಹೇಬ್ರು ಪರಿಶೀಲನೆಗೆ ಬರ್ತಾರೆ."

"ನಾನು ಸಹಿ ಹಾಕಲ್ಲ ಅಂತ ಹೇಳಮ್ಮ."

"ನಾನೇನು ಅಂಚೆಯವಳಾ?" ಎಂದಳು ಮುದುಕಿ, ನೂಲಿನ ಲಡಿಗಳಿಗೆ ಚೀಟಿ ಕಟ್ಟುತ್ತಾ. "ನಾನು ಸಾಯೋ ಹಾಗೂ ಇಲ್ಲ ನೋಡು. ಸತ್ರೆ ಈ ಆಫೀಸಲ್ಲಿ ಮಾತೇ ನಿಂತುಹೋಗುತ್ತೆ."

ಇಬ್ಬರೂ ನಗಲಿಲ್ಲ. ನಗುವಂಥ ಬೆಳಗೂ ಅದಾಗಿರಲಿಲ್ಲ. ಹದಿನೆಂಟು ಜನ ಆ ಶೆಡ್ಡಿನಲ್ಲಿ ದುಡಿಯುತ್ತಿದ್ದರು. ಕಾಲುಚೀಲ ಹೆಣೆಯುವವರಿಗೆ, ರತ್ನಗಂಬಳಿ ನೇಯುವವರಿಗೆ ಬೇಕಾದ ನೂಲಿಗೆ ಬಣ್ಣ ಕಟ್ಟುವ ಕೆಲಸ. ಬಣ್ಣ ಎಂದರೆ ಬಣ್ಣವಲ್ಲ, ನೀರು. ಒಂದು ಮೂಟೆ ನೂಲು ಕಪ್ಪಾಗಬೇಕಾದರೆ ಅದು ಎಷ್ಟು ನೀರು ಕುಡಿಯುತ್ತದೆಂದು ನೋಡದವರು ನಂಬುವುದಿಲ್ಲ. ಬೆಳಗಿನ ಐದರಿಂದ ಮಧ್ಯಾಹ್ನ ಒಂದರವರೆಗೆ ಕಂಪನಿಯ ಕೊಳವೆಯಲ್ಲಿ ನೀರು ಬಂದರೆ ಶೆಡ್ಡು ಬದುಕಿತು, ಇಲ್ಲದಿದ್ದರೆ ಇಲ್ಲ. ಒಮ್ಮೆ ಒಪ್ಪಂದ ತಪ್ಪಿದರೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು, ಸಾಲು ಎರಡು ವರ್ಷ ಉದ್ದವಿತ್ತು.

ಮಾವ ಸಾಯುವ ಮುಂಚೆ ಒಂದು ಪತ್ರ ಬರೆಸಿಟ್ಟಿದ್ದರು. ನೀರಿನ ಒಪ್ಪಂದ ಇರುವಷ್ಟು ದಿನ ಶೆಡ್ಡಿನಲ್ಲಿ ಬಣ್ಣದ ಕೆಲಸವೇ ನಡೆಯಬೇಕು, ಇಬ್ಬರು ಮಕ್ಕಳಲ್ಲಿ ಯಾರೂ ಅದನ್ನು ಮಾರುವ ಹಾಗಿಲ್ಲ, ಬಾಡಿಗೆಗೆ ಕೊಡುವ ಹಾಗೂ ಇಲ್ಲ. ಹಿರಿಯ ಮಗನ ಪಾಲು ಈಗ ಅವನ ಹೆಂಡತಿಯದು. ಕಿರಿಯವನು ಶೆಡ್ಡು ಕೊಳ್ಳಲು ಗೋದಾಮಿನವರೊಬ್ಬರನ್ನು ಆಗಲೇ ಗೊತ್ತುಮಾಡಿಕೊಂಡಿದ್ದ. ಶುಕ್ರವಾರ ಸುಮ್ಮನೆ ಕಳೆದುಹೋದರೆ ಸಾಕು, ಅವನ ಕೆಲಸ ತಾನಾಗಿ ಆಗುತ್ತಿತ್ತು. ಅತ್ತಿಗೆಗೆ ಅದು ಚೆನ್ನಾಗಿ ಗೊತ್ತಿತ್ತು. ಅವಳಿಗೆ ಅವನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಉರಿಗೆ ಕಾರಣ ಹಳೆಯದು. ನಾಲ್ಕು ವರ್ಷದ ಹಿಂದೆ ಅವಳ ಗಂಡ ಇದೇ ಶೆಡ್ಡಿನಲ್ಲಿ, ಕಪ್ಪು ಬಣ್ಣದ ತೊಟ್ಟಿಯ ಪಕ್ಕದಲ್ಲಿ, ಎದೆ ಹಿಡಿದುಕೊಂಡು ಕುಸಿದು ಸತ್ತ. ಸತ್ತ ಮೂರನೇ ದಿನ ಈ ಮೈದುನ ಬಂದು, "ಅತ್ತಿಗೆ, ಬೀರುವಿನ ಕೀ ಕೊಡಿ" ಎಂದ. ಮೂರನೇ ದಿನ! ಮನೆಯಲ್ಲಿ ಯಾರ ಕಣ್ಣೂ ಇನ್ನೂ ಒಣಗಿರಲಿಲ್ಲ. ಅವಳು ಸೊಂಟದ ಕೀಗೊಂಚಲು ಬಿಚ್ಚಿ ಅವನ ಮುಖಕ್ಕೇ ಎಸೆದಳು. ಅದು ಹುಬ್ಬಿಗೆ ಬಿದ್ದು ರಕ್ತ ಬಂತು. ಗೊಂಚಲನ್ನು ಅಲ್ಲೇ ನೆಲದ ಮೇಲೆ ಬಿಟ್ಟು ಅವನು ಹೊರಟುಹೋದ. ಹುಬ್ಬಿನ ಮೇಲಿನ ಗೀರು ಈಗಲೂ ಇದೆ, ಮಾತು ಅಂದೇ ನಿಂತಿತು.

ಹನ್ನೊಂದು ಗಂಟೆಗೆ ಸರಿಯಾಗಿ ಸಾಹೇಬ ಬಂದ. ತೆಳ್ಳಗಿನ ಆಸಾಮಿ, ಕಂಕುಳಲ್ಲಿ ದಪ್ಪ ಫೈಲು, ಮುಖದಲ್ಲಿ ಎಲ್ಲರೂ ತನಗೆ ಸುಳ್ಳು ಹೇಳುತ್ತಾರೆಂಬ ಖಚಿತ ನಂಬಿಕೆ. ಕೊಟ್ಟ ಚಹಾವನ್ನು ಮುಟ್ಟಲಿಲ್ಲ. ನೇರ ಅಂಗಳಕ್ಕೆ ಹೋಗಿ, ಇಟ್ಟಿಗೆ ಗುಂಡಿಯ ಕಬ್ಬಿಣದ ಮುಚ್ಚಳ ತೆಗೆಸಿ, ಮುಖ್ಯ ವಾಲ್ವು ನೋಡಿದ. ಗೇಜಿನ ಗಾಜನ್ನು ಉಗುರಿನಿಂದ ಕುಟ್ಟಿದ. ಪಕ್ಕದ ತಗಡಿನ ಡಬ್ಬಿಯಲ್ಲಿ ನೇತಾಡುತ್ತಿದ್ದ ಈ ತಿಂಗಳ ಕಾರ್ಡನ್ನು ಬಿಚ್ಚಿಕೊಂಡು ಆಫೀಸಿಗೆ ವಾಪಸು ಬಂದ.

ಅತ್ತಿಗೆ ಹೆದರಿದ್ದು ಆ ಕಾರ್ಡಿಗೇ.

ವಾಲ್ವು ತೆರೆಯುವುದಕ್ಕೆ ಒಂದು ಕ್ರಮವಿತ್ತು. ಒಟ್ಟು ಇಪ್ಪತ್ತೆರಡು ಸುತ್ತು. ಮೊದಲ ನಾಲ್ಕಾದ ಮೇಲೆ ನಿಲ್ಲಿಸಿ ನೂರು ಎಣಿಸಬೇಕು, ಆಮೇಲೆ ಉಳಿದದ್ದು. ಆತುರ ಬಿದ್ದರೆ ನೀರು ನುಗ್ಗಿ ಬೀದಿಯ ಕೊಳವೆಯೇ ಸಿಡಿಯುತ್ತದೆ. ಹಾಗೊಮ್ಮೆ ಎಲ್ಲೋ ಸಿಡಿದ ಮೇಲೆ ಕಂಪನಿಯವರು ಒಪ್ಪಂದದಲ್ಲಿ ಒಂಬತ್ತನೇ ಕಲಮು ಸೇರಿಸಿದರು: ಹೆಸರು ಕೊಟ್ಟವನೇ ವಾಲ್ವು ತೆರೆಯಬೇಕು, ಪ್ರತಿದಿನ ಕಾರ್ಡಿನಲ್ಲಿ ಸಮಯ, ಒತ್ತಡ ಬರೆದು ಸಹಿ ಹಾಕಬೇಕು, ಕಾಲು ಗಂಟೆಗಿಂತ ತಡವಾದರೆ ಷರಾ ಕಾಲಮಿನಲ್ಲಿ ಕಾರಣ ಬರೆಯಬೇಕು, ಆಸಾಮಿ ಬದಲಾದರೆ ಹದಿನೈದು ದಿನದೊಳಗೆ ತಿಳಿಸಬೇಕು. ಹೆಸರು ಕೊಟ್ಟಿದ್ದು ಗಂಡನದು. ಪ್ರತಿ ತಿಂಗಳು ಕಾರ್ಡಿನ ತಲೆಯ ಮೇಲೆ ಅವನ ಹೆಸರೇ ಅಚ್ಚಾಗಿ ಬರುತ್ತಿತ್ತು.

ಅವನು ಸತ್ತ ಮಾರನೆಯ ಬೆಳಿಗ್ಗೆ ತೊಟ್ಟಿಯಲ್ಲಿ ಅರೆ ಕಪ್ಪಾದ ನೂಲಿತ್ತು. ತೊಳೆಯದಿದ್ದರೆ ಕೊಳೆಯುತ್ತದೆ. ಅವಳೇ ಹೋಗಿ ವಾಲ್ವು ತೆರೆದಳು. ಕಾರ್ಡಿನಲ್ಲಿ ಅಚ್ಚಾದ ಹೆಸರು ನೋಡಿದಳು, ಅವನ ಸಹಿಯನ್ನೇ ಹಾಕಿದಳು. ಇವತ್ತೊಂದು ದಿನ ಎಂದುಕೊಂಡಳು. ಮರುದಿನವೂ ಹಾಗೇ ಅಂದುಕೊಂಡಳು. ಕೊನೆಗೆ ಅದು ದಿನದ ಮೊದಲ ಕೆಲಸವಾಯಿತು, ಬಿಡಲು ಮನಸ್ಸಾಗದ ಕೆಲಸ. ಬೆಳಗಿಗೊಮ್ಮೆ ಅವನ ಹೆಸರು ಬರೆದರೆ ಅವನೇ ಎದ್ದು ಬಂದು ನೀರು ಬಿಟ್ಟ ಹಾಗೆ ಅನಿಸುತ್ತಿತ್ತು. ನಾಲ್ಕು ವರ್ಷ ಒಬ್ಬ ಸತ್ತವನು ದಿನಾ ಐದು ಗಂಟೆಗೆ ಎದ್ದು ವಾಲ್ವು ತೆರೆದ, ಕಂಪನಿಯವರು ಮೂರು ತಿಂಗಳಿಗೊಮ್ಮೆ ಕಾರ್ಡು ಒಯ್ದು ಕಟ್ಟು ಕಟ್ಟಿಟ್ಟರು.

"ಒಪ್ಪಂದದ ಹೆಸರಿನವರು ಎಲ್ಲಿ?" ಎಂದು ಸಾಹೇಬ ಕೇಳಿದ.

"ಇಲ್ಲ ಸಾರ್. ತೀರಿಕೊಂಡ್ರು. ಹೆಸರು ಬದಲಾವಣೆ ಅರ್ಜಿ ಇಲ್ಲಿದೆ, ನಾನು ಅವರ ಹೆಂಡತಿ" ಎಂದು ಅತ್ತಿಗೆ ಕಾಗದ ಮುಂದಿಟ್ಟಳು. ಯಾವಾಗ ಎಂದು ಅವನು ಕೇಳದಿರಲಿ ಎಂದು ಒಳಗೊಳಗೇ ಬೇಡಿಕೊಂಡಳು.

"ಯಾವಾಗ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಕಡೆಯಿಂದ ಮಾತು ಬಂತು. "ನಾಲ್ಕು ವರ್ಷ ಆಯ್ತು ಸಾರ್. ನಾನು ಅವರ ತಮ್ಮ. ಈಗ ನಿಮ್ಮ ಕೈಯಲ್ಲಿರೋ ಕಾರ್ಡು ನೋಡಿ. ಇವತ್ತು ಬೆಳಿಗ್ಗೆ ಸಹಿ ಹಾಕಿರೋದು ಯಾರು?"

ಸಾಹೇಬ ಕಾರ್ಡು ನೋಡಿದ. ಅರ್ಜಿ ನೋಡಿದ. ಮತ್ತೆ ಕಾರ್ಡು ನೋಡಿದ. ಅವನ ಮುಖದಲ್ಲಿ ಕಡೆಗೂ ಒಂದು ಸಂತೋಷ ಕಾಣಿಸಿತು.

ಮುದುಕಿ ಚೀಟಿ ಕಟ್ಟುವುದನ್ನು ನಿಲ್ಲಿಸಿದಳು. ಅತ್ತಿಗೆಗೆ ಎದ್ದು ಹೋಗಿ ಅವನ ಇನ್ನೊಂದು ಹುಬ್ಬನ್ನೂ ಸೀಳಬೇಕೆನಿಸಿತು. ಮನೆಯೊಳಗಿನ ಜಗಳ ಸರಿ, ಅದನ್ನು ಹೊರಗಿನವನ ಕೈಗೆ ಕೊಟ್ಟು ಹದಿನೆಂಟು ಜನರ ಹೊಟ್ಟೆಯ ಮೇಲೆ ಹೊಡೆಯುವುದೇ?

"ಇದು ಖೋಟಾ ಸಹಿ" ಎಂದ ಸಾಹೇಬ, ಒಂದೊಂದೇ ಪದವನ್ನು ಬಿಡಿಸಿ. "ನವೀಕರಣ ಆಮೇಲಿನ ಮಾತು. ಮೊದಲು ದೂರು. ಯಾರು ಯಾರು ಸಹಿ ಹಾಕಿದ್ದಾರೋ ಅವರೆಲ್ಲರ ಮೇಲೂ."

"ಬೇರೆ ಯಾರೂ ಇಲ್ಲ. ನಾನೊಬ್ಬಳೇ" ಎಂದಳು ಅವಳು.

"ಅದನ್ನ ಕಾರ್ಡೇ ಹೇಳುತ್ತೆ." ಅವನು ಫೈಲಿನ ದಾರ ಬಿಚ್ಚಿ ಹಳೆಯ ಕಾರ್ಡುಗಳನ್ನು ಮೇಜಿನ ಮೇಲೆ ಹರಡತೊಡಗಿದ. ತಿಂಗಳಿಗೊಂದು. ಹಳದಿ ರಟ್ಟು, ನೀಲಿ ಶಾಯಿ, ಕೆಲವಕ್ಕೆ ಬಣ್ಣ ಮೆತ್ತಿದ ಅವಳ ಹೆಬ್ಬೆರಳಿನ ಗುರುತು. ಐದು ಗಂಟೆ, ಒತ್ತಡ ಮೂರು, ಸಹಿ. ಐದು ಗಂಟೆ, ಒತ್ತಡ ಮೂರು, ಸಹಿ. ಷರಾದಲ್ಲಿ ಗಂಡ ದಿನಾ ಬರೆಯುತ್ತಿದ್ದ ಒಂದೇ ಪದ, ಅವಳೂ ಬರೆದದ್ದು: ಸರಿ. ತನ್ನ ನಾಲ್ಕು ವರ್ಷ ಹೀಗೆ ಮೇಜಿನ ಮೇಲೆ ಬಿದ್ದಿರುವುದನ್ನು ನೋಡಿ ಅವಳಿಗೆ ಅಳು ಬಂತು. ಇವರ ಮುಂದೆ ಅಳಬಾರದೆಂದು ಒಂದು ಕಾರ್ಡನ್ನು ಎತ್ತಿಕೊಂಡು ಕಣ್ಣಿಗೆ ಹತ್ತಿರ ಹಿಡಿದಳು.

ಅದು ಹೋದ ವರ್ಷದ್ದು. ಅವಳು ಆಪರೇಷನ್ ಮಾಡಿಸಿಕೊಂಡು ಹದಿನೇಳು ದಿನ ಆಸ್ಪತ್ರೆಯಲ್ಲಿ ಮಲಗಿದ್ದ ತಿಂಗಳು. ಆ ದಿನಗಳು ಖಾಲಿ ಇರಬೇಕಿತ್ತು. ವಾಪಸು ಬಂದಾಗ ತಿಂಗಳು ಮುಗಿದು ಕಂಪನಿಯವರು ಕಾರ್ಡು ಒಯ್ದಿದ್ದರು. ನೀರು ಬಂತಾ ಎಂದು ಕೇಳಿದ್ದಕ್ಕೆ ಶೆಡ್ಡಿನ ಮೇಸ್ತ್ರಿ "ಬಂತಕ್ಕ" ಎಂದಷ್ಟೇ ಹೇಳಿದ್ದ. ಅವನೇ ತೆರೆದಿರಬೇಕು ಅಂದುಕೊಂಡು ಸುಮ್ಮನಾಗಿದ್ದಳು.

ಆ ಹದಿನೇಳು ದಿನಗಳ ಎದುರಿಗೂ ಗಂಡನ ಸಹಿ ಇತ್ತು. ಅವಳು ನಾಲ್ಕು ವರ್ಷ ಅಭ್ಯಾಸ ಮಾಡಿ ಹಾಕುತ್ತಿದ್ದ ಸಹಿಗಿಂತ ಇದೇ ಹೆಚ್ಚು ಅವನದಾಗಿತ್ತು. ಕೊನೆಯ ಅಕ್ಷರದ ಬಾಲ ಮೇಲಕ್ಕೆತ್ತಿ ಕೆಳಗೆಳೆದ ರೀತಿ, ಕೆಳಗಿನ ಅಡ್ಡಗೆರೆ, ಎಲ್ಲ ಅವನದೇ. ಸತ್ತವನು ನಿಜಕ್ಕೂ ಬಂದಿದ್ದನೇ?

ಆಮೇಲೆ ಹತ್ತೊಂಬತ್ತನೇ ತಾರೀಕಿನ ಸಾಲು ಕಂಡಿತು. ಅವತ್ತು ವಾಲ್ವು ತೆರೆದದ್ದು ಏಳೂ ಹತ್ತಕ್ಕೆ. ಕಾಲು ಗಂಟೆಗಿಂತ ತಡ, ಕಾರಣ ಬರೆಯಲೇಬೇಕು. ಷರಾ ಕಾಲಮಿನಲ್ಲಿ, ನಿದ್ದೆಗೆಟ್ಟ ಕೈಯ ಸೊಟ್ಟ ಅಕ್ಷರದಲ್ಲಿ ಬರೆದಿತ್ತು: "ತಡ. ರಾತ್ರಿಯೆಲ್ಲ ಆಸ್ಪತ್ರೆ. ಅತ್ತಿಗೆ ಆಪರೇಷನ್."

ಅದರ ಪಕ್ಕದಲ್ಲಿ ಅವಳ ಗಂಡನ ಸಹಿ.

ಅವಳು ಆ ಸಾಲನ್ನು ಎರಡು ಸಲ ಓದಿದಳು. ಗಂಡ ಹೆಂಡತಿಯನ್ನು ಅತ್ತಿಗೆ ಎನ್ನುತ್ತಾನೆಯೇ? ಈ ಮನೆಯಲ್ಲಿ ಅವಳನ್ನು ಹಾಗೆ ಕರೆಯುವ ಬಾಯಿ ಒಂದೇ ಒಂದಿತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಮಂಚದ ಪಕ್ಕ ಮನೆಯವರು ಒಬ್ಬರೂ ಇರಲಿಲ್ಲವೆಂದು ಅವಳು ಒಂದು ವರ್ಷದಿಂದ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಬಾಗಿಲ ಹೊರಗಿನ ಬೆಂಚಿನ ಮೇಲೆ ಒಬ್ಬ ರಾತ್ರಿಯೆಲ್ಲ ಕೂತಿದ್ದು, ಅವಳಿಗೆ ಎಚ್ಚರವಾಗುವ ಮುಂಚೆ ಎದ್ದು ವಾಲ್ವು ತೆರೆಯಲು ಹೋಗಿದ್ದ.

ತಲೆ ಎತ್ತಿ ನೋಡಿದಳು. ಮೈದುನ ಅವಳ ಕೈಯಲ್ಲಿದ್ದ ಕಾರ್ಡನ್ನೇ ನೋಡುತ್ತಿದ್ದ. ತಾನು ಬರೆದದ್ದು ಅವನಿಗೆ ಆಗಲೇ ನೆನಪಾಗಿರಬೇಕು. ಬಾಯಿ ಅರ್ಧ ತೆರೆದಿತ್ತು, ಮುಖ ಸುಣ್ಣದಂತೆ ಬಿಳುಪಾಗಿತ್ತು. ಬೇಡ ಎನ್ನುವ ಹಾಗೆ ತಲೆಯನ್ನು ಕಂಡೂ ಕಾಣದಷ್ಟು ಅಲ್ಲಾಡಿಸಿದ.

ಸಾಹೇಬ ಇನ್ನೂ ಏನೂ ನೋಡಿರಲಿಲ್ಲ. ಅವಳು ಕಾರ್ಡನ್ನು ಸುಮ್ಮನೆ ಕೆಳಗಿಟ್ಟಿದ್ದರೆ ಆ ಹದಿನೇಳು ದಿನ ಅವರಿಬ್ಬರ ನಡುವೆ ಗುಟ್ಟಾಗಿ, ಮರ್ಯಾದೆಯಿಂದ ಉಳಿಯುತ್ತಿತ್ತು. ನೀರು ಮಾತ್ರ ಹೋಗುತ್ತಿತ್ತು.

"ಸಾರ್, ಒಂದು ಸಾಲು ಓದ್ತೀನಿ ಕೇಳಿ" ಎಂದಳು. ಓದಿದಳು, ಗಟ್ಟಿಯಾಗಿ, ಮುದುಕಿಗೂ ಕೇಳುವ ಹಾಗೆ. "ಈ ಮನೇಲಿ ನಾನು ಯಾರಿಗೆ ಅತ್ತಿಗೆ ಅಂತ ಇವರನ್ನೇ ಕೇಳಿ. ನಾನು ಖೋಟಾ ಅಂದ್ರೆ ಇವರೂ ಖೋಟಾ. ದೂರು ಬರೀರಿ, ಎರಡು ಹೆಸರು ಬರೀರಿ."

"ಅತ್ತಿಗೆ, ಸಾಕು!" ಎಂದು ಮೈದುನ ಕೂಗಿದ.

ನಾಲ್ಕು ವರ್ಷದಲ್ಲಿ ಅವನು ಅವಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಮುದುಕಿ ಮಗನ ಕಡೆ ತಿರುಗಿದಳು. "ಆಸ್ಪತ್ರೆಗೆ ಹೋಗಿದ್ಯೇನೋ ನೀನು? ಇಸ್ಪೀಟು ಆಡೋಕೆ ಹೋಗಿದ್ದೆ ಅಂದಿದ್ದೆ ನನ್ನ ಹತ್ರ."

ಸಾಹೇಬ ಕಾರ್ಡು ಕಿತ್ತುಕೊಂಡು ತಾನೇ ಓದಿದ. ಅವನ ಸಂತೋಷ ನಿಧಾನವಾಗಿ ಇಳಿಯಿತು. ಇಳಿಯಲು ಕಾರಣವಿತ್ತು. ಆ ಕಾರ್ಡಿನ ಮೂಲೆಯಲ್ಲಿ "ಪರಿಶೀಲಿಸಲಾಗಿದೆ" ಎಂಬ ಠಸ್ಸೆ ಒತ್ತಿ ಅದರಡಿ ಅವನೇ ಸಹಿ ಹಾಕಿದ್ದ. ಪ್ರತಿ ಕಾರ್ಡಿನಲ್ಲೂ ಹಾಕಿದ್ದ. ಓದದೇ ಸಹಿ ಹಾಕಿದವನು, ಸತ್ತವನ ಸಹಿ ಹಾಕಿದವರ ಮೇಲೆ ದೂರು ಕೊಟ್ಟರೆ ಮೊದಲು ಯಾರ ಕುತ್ತಿಗೆಗೆ ಬರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನು ತಣ್ಣಗಾದ ಚಹಾವನ್ನು ಎತ್ತಿ ಒಂದೇ ಗುಟುಕಿಗೆ ಕುಡಿದ. "ಹೆಸರು ಬದಲಾವಣೆ ಅರ್ಜಿ ತಡವಾಗಿ ಬಂತು ಅಂತ ಬರ್ಕೋತೀನಿ" ಎಂದ, ಯಾರ ಮುಖವನ್ನೂ ನೋಡದೆ. "ಹೊಸ ನಿಯಮದ ಪ್ರಕಾರ ವಾಲ್ವಿಗೆ ಇಬ್ಬರ ಹೆಸರು ಬೇಕು, ಒಬ್ಬರಿಗೆ ಆಗದಿದ್ರೆ ಇನ್ನೊಬ್ಬರು. ಕೆಲಸ ಗೊತ್ತಿರೋ ಇಬ್ಬರು ಇಲ್ಲೇ ಇದ್ದೀರಲ್ಲ. ಪಾಲುದಾರರು ಇಬ್ಬರೂ ಸಹಿ ಹಾಕಿ. ನಿಮ್ಮ ನಿಮ್ಮ ಸಹಿ ಹಾಕಿ."

ಅತ್ತಿಗೆ ಹಾಕಿದಳು. ಮೈದುನ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದ. ದೂರಾದರೆ ತಾನೂ ಸಿಕ್ಕಿಬೀಳುತ್ತೇನೆಂದು ಗೊತ್ತಿತ್ತು. ಕಡೆಗೆ ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿ, ಪೆನ್ನನ್ನು ಮೇಜಿನ ಮೇಲೆ ಬಿಸಾಕಿ ಎದ್ದು ಹೋದ. ಇನ್ನೂ ಐದು ವರ್ಷ ನೀರು ಬರುವುದು ಖಾತ್ರಿಯಾಯಿತು.

ಅವಳು ಗೆದ್ದಿದ್ದಳು. ಆದರೆ ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸಿ ಎದ್ದಳು. ಅವನು ಮಾಡಿದ್ದ ಒಂದೇ ಒಂದು ಒಳ್ಳೆಯ ಕೆಲಸವನ್ನು ಅವನಿಗೇ ಚಾಕು ಮಾಡಿ ತಿರುಗಿಸಿದೆನಲ್ಲ ಎಂದು ನಾಚಿಕೆಯಾಯಿತು. ಅವನು ಕೂಡ ಕತ್ತಿ ಹಿಡಿದೇ ಬಂದಿದ್ದ ಎಂದು ಸಮಾಧಾನ ಮಾಡಿಕೊಂಡಳು. ಸಮಾಧಾನ ಆಗಲಿಲ್ಲ.

ಶನಿವಾರ ಹೊಸ ಒಪ್ಪಂದದ ಮೊದಲ ದಿನ. ಬೆಳಕು ಹರಿಯುವ ಮುಂಚೆ ಅವಳು ಅಂಗಳಕ್ಕೆ ಬಂದರೆ ಗುಂಡಿಯ ಮುಚ್ಚಳ ಆಗಲೇ ತೆರೆದಿತ್ತು. ಮೈದುನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ.

"ಇವತ್ತು ನನ್ನ ಸರದಿ" ಎಂದಳು. ನಡುವೆ ಮುದುಕಿ ಇರಲಿಲ್ಲ, ಮಾತು ನೇರ ಅವನಿಗೇ ಹೋಗಿ ಮುಟ್ಟಿತು.

"ಸರದಿ ಮಾಡ್ಕೊಂಡಿದ್ದು ಯಾವಾಗ? ಯಾರ ಹತ್ರ ಕೇಳಿದ್ರಿ?"

"ನಿನ್ನ ಹತ್ರ ಯಾಕೆ ಕೇಳ್ಬೇಕು? ಶೆಡ್ಡು ಮುಳುಗಿಸೋಕೆ ಬಂದವನ ಹತ್ರ?"

"ಮುಳುಗಿಸೋಕೇ ಬಂದಿದ್ದೆ" ಎಂದು ಅವನು ಎದ್ದು ನಿಂತ. "ಈ ಶೆಡ್ಡಲ್ಲಿ ಕಾಲಿಟ್ರೆ ಆ ಕಪ್ಪು ತೊಟ್ಟಿನೇ ಕಣ್ಣಿಗೆ ಬೀಳುತ್ತೆ ನಂಗೆ. ಅಣ್ಣನ್ನ ಅಲ್ಲಿಂದ ಎತ್ತಿದ್ದು ನಾನು. ದಿನಾ ಅದನ್ನೇ ನೋಡ್ಬೇಕಾ?"

"ನಂಗೆ ಕಣ್ಣಿಗೆ ಬೀಳಲ್ವಾ? ನಾನು ದಿನಾ ಅದೇ ತೊಟ್ಟಿ ಪಕ್ಕ ನಿಲ್ಲೋದು. ನಿನಗೆ ಅಣ್ಣ ಅಂತ ಅಷ್ಟು ಪ್ರೀತಿ ಇದ್ರೆ ಮೂರನೇ ದಿನಕ್ಕೇ ಬೀರುವಿನ ಕೀ ಯಾಕೆ ಕೇಳಿದೆ?"

"ಒಪ್ಪಂದದ ಪತ್ರ ಅದರಲ್ಲಿತ್ತು! ಹದಿನೈದು ದಿನದೊಳಗೆ ಹೆಸರು ಬದಲಾಯಿಸ್ಬೇಕಿತ್ತು. ಒಂಬತ್ತನೇ ಕಲಮು. ಓದೋಕೆ ಬರುತ್ತೆ ಅಂತೀರಲ್ಲ, ಓದಿರ್ಲಿಲ್ವಾ?"

ಅವನ ಹುಬ್ಬಿನ ಗೀರು ಮಬ್ಬು ಬೆಳಕಿನಲ್ಲೂ ಕಾಣುತ್ತಿತ್ತು.

"ಹೇಳ್ಬಾರ್ದಿತ್ತಾ?" ಎಂದಳು.

"ಹೇಳೋಕೆ ಬಿಟ್ರಾ? ಗೊಂಚಲೇ ಮೊದಲು ಬಂತು."

"ನಾಲ್ಕು ದಿನ ತಡೆದು ಕೇಳ್ಬಾರ್ದಿತ್ತಾ? ಹದಿನೈದು ದಿನ ಇತ್ತಲ್ಲ! ಮೂರನೇ ದಿನ ಯಾರಾದ್ರೂ ಕೀ ಕೇಳ್ತಾರೇನೋ, ಹೆಡ್ಡ!"

ಅವನು ಹುಬ್ಬಿನ ಗೀರನ್ನು ಬೆರಳಿನಿಂದ ಸವರಿಕೊಂಡ.

"ನಾನು ನಿನ್ನ ಕ್ಷಮಿಸಿಲ್ಲ, ತಿಳ್ಕೋ" ಎಂದಳು ಅವಳು.

"ನಾನೂ ನಿಮ್ಮನ್ನ ಕ್ಷಮಿಸಿಲ್ಲ" ಎಂದ ಅವನು. "ಟೈಮ್ ನೋಡಿ ಮೊದ್ಲು."

ಐದೂ ಇಪ್ಪತ್ತಾಗಿತ್ತು. ಶೆಡ್ಡಿನ ಒಳಗೆ ತೊಟ್ಟಿಗಳು ಖಾಲಿ ಬಿದ್ದಿದ್ದವು, ಮೇಸ್ತ್ರಿ ಬಾಗಿಲಲ್ಲಿ ನಿಂತು ನೀರು ಯಾಕೆ ಬರಲಿಲ್ಲವೆಂದು ಇಣುಕುತ್ತಿದ್ದ. ಅವಳು ಗುಂಡಿಗೆ ಇಳಿದು ಚಕ್ರ ಹಿಡಿದಳು. ನಾಲ್ಕು ಸುತ್ತು ತಿರುಗಿಸಿ ನಿಲ್ಲಿಸಿದಳು. ಮೇಲೆ ನಿಂತವನು ತುಟಿ ಅಲ್ಲಾಡಿಸುತ್ತಿದ್ದ. ಇಬ್ಬರೂ ನೂರು ಎಣಿಸಿದರು. ಅವಳ ನೂರು ಮುಗಿಯುವುದಕ್ಕೂ ಅವನು "ಹೂಂ" ಎನ್ನುವುದಕ್ಕೂ ಸರಿಹೋಯಿತು. ಉಳಿದ ಹದಿನೆಂಟು ಸುತ್ತನ್ನು ನಿಧಾನವಾಗಿ ಬಿಚ್ಚಿದಳು. ಕೊಳವೆ ಗೊರಗುಟ್ಟಿ ನೀರು ಒಳಗೆ ಓಡಿತು.

ಹೊಸ ಕಾರ್ಡಿನ ತಲೆಯ ಮೇಲೆ ಎರಡು ಹೆಸರು ಅಚ್ಚಾಗಿತ್ತು, ಗಂಡನದು ಇರಲಿಲ್ಲ. ಪೆನ್ನು ಅಭ್ಯಾಸಬಲದಿಂದ ಅವನ ಮೊದಲ ಅಕ್ಷರಕ್ಕೆ ಹೋಯಿತು. ಅವಳು ಅಲ್ಲೇ ತಡೆದು, ಉಸಿರು ಬಿಟ್ಟು, ಕಾರ್ಡಿನ ಮೇಲೆ ಮೊದಲ ಸಲ ತನ್ನ ಸ್ವಂತ ಸಹಿ ಹಾಕಿದಳು. ಸಮಯ, ಒತ್ತಡ ಬರೆದಳು. ಕಾಲು ಗಂಟೆಗಿಂತ ತಡವಾಗಿತ್ತು, ಷರಾದಲ್ಲಿ ಕಾರಣ ಬರೆಯಲೇಬೇಕಿತ್ತು.

ಸ್ವಲ್ಪ ಯೋಚಿಸಿ ಬರೆದಳು: "ತಡ. ಮೈದುನನ ಜೊತೆ ಜಗಳ."

ಕಾರ್ಡನ್ನು ಡಬ್ಬಿಗೆ ಹಾಕದೆ ಅವನ ಕೈಗೆ ಕೊಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದು ಓದಿದ. ಆಮೇಲೆ ಅವಳ ಪೆನ್ನು ಕೇಳಿ ತೆಗೆದುಕೊಂಡು, ಆ ಸಾಲಿನ ಮುಂದೆ ಅಣ್ಣನ ಪದವನ್ನು ಬರೆದ: "ಸರಿ."